ಚಿಲ್ಲರೆ ಪಾಠ

ಅಮ್ಮತ್ತಿ ಬಸ್ಸಿನಲ್ಲಿ ಕಂಡಕ್ಟರನ್ನು ಕಾಡಿ
ನೂರರ ನೋಟು ಮುರಿಸಿಕೊಂಡೆ.
"ಚಿಲ್ಲರೆ ಕೊಡಿ ಅಂತ ಗೋಗರೆಯೋದು ನಾನು,
ನೀವು ನನ್ನ ಹತ್ರಾನೇ ಕೇಳ್ತೀರಲ್ಲ ಟೀಚರೇ."
ಅಂದರೂ ಬ್ಯಾಗಿನ ತಳ ಕೆದಕಿ ಕೊಟ್ಟ.
ಹತ್ತರದು ಆರು, ಐದರದು ನಾಲ್ಕು,
ಎರಡರದು ಆರು, ಒಂದರದು ಎಂಟು.
ಇಪ್ಪತ್ತನಾಲ್ಕು ಬಿಲ್ಲೆ
ಮಗನ ಹಳೇ ಕಾಲುಚೀಲದೊಳಗೆ.

ಎರಡನೇ ತರಗತಿ, ಹನ್ನೊಂದು ಮಕ್ಕಳು.
ಮೊದಲು ಕಣ್ಣು ಮುಚ್ಚಿ ಚೀಲಕ್ಕೆ ಕೈ,
ಅಂಚು ತಡವಿ ಹೇಳಬೇಕು ಎಷ್ಟರದೆಂದು.
ನಾಫಿಯಾ ಐದನ್ನು ದಪ್ಪದಲ್ಲೇ ಹಿಡಿದಳು.
ಒಂದಕ್ಕೂ ಎರಡಕ್ಕೂ ಎಲ್ಲರೂ ಸೋತರು;
ನಾನೂ ಸೋತೆ,
ಹೇಳಲಿಲ್ಲ.

ಆಮೇಲೆ ಸದ್ದು.
ಗೋಡೆಗೆ ಮುಖ ಮಾಡಿ ನಿಲ್ಲಬೇಕು,
ಸಿಮೆಂಟು ನೆಲಕ್ಕೆ ನಾನು ಬೀಳಿಸುತ್ತೇನೆ.
ಹಾಡಿಯಿಂದ ದಿನಾ ತಡವಾಗಿ ಬರುವ ತೋಲ
ಒಂದನ್ನೂ ತಪ್ಪಲಿಲ್ಲ.
"ಹತ್ತಕ್ಕೆ ಎರಡು ದನಿ ಮಿಸ್,
ಒಳಗೊಂದು, ಹೊರಗೊಂದು."

ಹಾಳೆಯಡಿ ನಾಣ್ಯ ಇಟ್ಟು
ಪೆನ್ಸಿಲ್ ಮಲಗಿಸಿ ಉಜ್ಜಿ ಎಂದೆ.
ಮೊದಲು ಬರೀ ಕಪ್ಪು.
ಆಮೇಲೆ ಪಲ್ಪರಿನಿಂದ ಕಾಫಿ ಬೀಜ ಚಿಮ್ಮಿದ ಹಾಗೆ
ಒಂದು ಸಿಂಹ, ಇನ್ನೊಂದು, ಮತ್ತೊಂದು.
"ನಾಲ್ಕನೇದು ಎಲ್ಲಿ?" ಬೋಜಮ್ಮ
ತಿರುಗಿಸಿ ತಿರುಗಿಸಿ ಹುಡುಕಿದಳು.
"ನಮ್ಮಜ್ಜಿಯ ಪತ್ತಾಕಿನಲ್ಲೂ ನಾಣ್ಯ ಇದೆ.
ಅದ್ರಲ್ಲಿ ಸಿಂಹ ಇಲ್ಲ, ಒಬ್ಳು ಹೆಂಗಸು.
ಅದಕ್ಕೆ ಎಷ್ಟು ಮಿಠಾಯಿ ಬರುತ್ತೆ?"
ಅದು ಮಿಠಾಯಿಗಲ್ಲ ಎಂದೆ.
ಯಾಕಲ್ಲ ಎಂದು ಅವಳು ಕೇಳುವಷ್ಟರಲ್ಲಿ
ಪುಣ್ಯಕ್ಕೆ ಗಂಟೆ ಹೊಡೆಯಿತು.
ಉಜ್ಜಿದ್ದು ನಿಮಗೆ, ನಾಣ್ಯ ನನಗೆ, ಎಂದೆ.

ಮರುದಿನ ಅಂಗಡಿ.
ಖಾಲಿ ಬೆಂಕಿಪೊಟ್ಟಣ, ಸೋಪಿನ ಕವರು,
ಮರಳು ತುಂಬಿದ ಉಪ್ಪಿನ ಪ್ಯಾಕೆಟ್ಟು,
ಒಂದು ನಿಜವಾದ ನಿಂಬೆಹಣ್ಣು.
ಗಲ್ಲಾಕ್ಕೆ ಸುಹೈಲ.
ಕೂರುವ ಮೊದಲೇ ಹಾಳೆ ತುಂಬ
ಕಪ್ಪು ಬಿಳಿ ಚೌಕ ಗೀಚಿ ಬೆಂಚಿಗೆ ಅಂಟಿಸಿದ:
"ಕಾಸು ಬೇಡ, ಸ್ಕ್ಯಾನ್ ಮಾಡಿ."
ಎಲ್ಲರೂ ಅಂಗೈ ಚಾಚಿ
ಬಾಯಲ್ಲೇ 'ಟಿಣ್' ಎಂದರು.
ನನ್ನ ಎರಡು ದಿನದ ತಯಾರಿ
ಒಂದು ಟಿಣ್‌ನಲ್ಲಿ ಮುಗಿಯಿತು.
ಹಾಳೆ ಕಿತ್ತು, ಇವತ್ತು ನೆಟ್‌ವರ್ಕ್ ಇಲ್ಲ ಎಂದೆ.
ಅದನ್ನು ಮಾತ್ರ ತಕ್ಷಣ ನಂಬಿದರು.

ಚೋಮಿಯ ಸರದಿ.
ಮುಷ್ಟಿಯಲ್ಲಿ ಒಂದರ ಮೂರು ಬಿಲ್ಲೆ.
ಉಪ್ಪು ತಗೊಂಡಳು, ಬೆಂಕಿಪೊಟ್ಟಣ ತಗೊಂಡಳು.
"ಮೂರು ರೂಪಾಯಿ" ಅಂದ ಸುಹೈಲ.
"ಬರ್ಕೊ."
"ಎಲ್ಲಿ?"
"ಪುಸ್ತಕದಲ್ಲಿ. ಬಟವಾಡೆ ದಿನ ಕೊಡ್ತೇವೆ."
ಕೈಲಿದೆಯಲ್ಲ ಚೋಮಿ, ಕೊಡು ಎಂದೆ.
ಮುಷ್ಟಿ ಬೆನ್ನ ಹಿಂದೆ ಹೋಯಿತು.
ಯಾರೂ ನಗಲಿಲ್ಲ.
ಸುಹೈಲ ಒಮ್ಮೆ ನನ್ನ ಮುಖ ನೋಡಿ
ತನ್ನ ಕಾಪಿ ಪುಸ್ತಕದ ಕೊನೇ ಹಾಳೆ ತೆರೆದು
ನೀಟಾಗಿ ಬರೆದುಕೊಂಡ.

ಕೈಪಿಡಿಯಲ್ಲಿ ಇದಕ್ಕೆ ಚಟುವಟಿಕೆ ಇರಲಿಲ್ಲ.
ಐದರಿಂದ ಮೂರು ಕಳೆಯುವುದಿತ್ತು,
ಇಲ್ಲದ್ದರಿಂದ ಮೂರು ಕಳೆಯುವುದಿರಲಿಲ್ಲ.

ಸಂಜೆ ಎಣಿಸಿದೆ. ಇಪ್ಪತ್ತನಾಲ್ಕು.
ಎಣಿಸಿದ್ದಕ್ಕೆ ನಾಚಿಕೆಯಾಯಿತು.
ಕೊನೆಗೆ ಬಂದು ಚೋಮಿ ಕೊಟ್ಟ ಮೂರು
ಇನ್ನೂ ಬೆಚ್ಚಗಿದ್ದವು.

ಶನಿವಾರ ಲೈನಿನ ಅಂಗಡಿಯ ಅಬ್ಬೂಕ
ರಸ್ತೆಗೇ ಬಂದು ಕರೆದ.
"ಏನು ಕಲಿಸ್ತೀರಿ ಟೀಚರೇ ನೀವು?
ಇದು ನೋಡಿ."
ಲೆಕ್ಕದ ಪುಸ್ತಕ, ಚೋಮಿಯ ಅಮ್ಮನ ಹಾಳೆ.
ಬೇಳೆ, ಎಣ್ಣೆ, ಹೊಗೆಸೊಪ್ಪು, ಬೇಳೆ,
ಅದರ ನಡುವೆ ಅನ್ನದ ಅಗುಳಿನಲ್ಲಿ ಅಂಟಿಸಿದ
ಪೆನ್ಸಿಲ್ಲಿನ ಮೂರು ನಾಣ್ಯ,
ಕತ್ತರಿಯಿಲ್ಲದೆ ಹರಿದದ್ದು, ಅಷ್ಟೇನೂ ದುಂಡಗಿಲ್ಲ.
"ತಗೊ, ಕಳೆದುಕೋ ಅಂದ್ಲು. ಸಣ್ಣವಳು, ಏನು ಹೇಳ್ಲಿ?"
ಅವನು ನಕ್ಕ. ನಾನೂ ನಕ್ಕೆ.

ಕೆಳಗಿನ ಬಾಕಿ
ನಾನೂರ ಹನ್ನೆರಡೋ, ನಾನೂರ ಒಂಬತ್ತೋ,
ಅವನ ಹೆಬ್ಬೆರಳು ಅದರ ಮೇಲೆಯೇ ಇತ್ತು.